ಉಳವಪ್ಪನ ಪಿಕಪ್ಪಿಗೆ ಹಸಿರು ನೀರು

ನವೆಂಬರ್ 3, ಸೋಮವಾರ

ಈ ನೋಟುಬುಕ್ಕನ್ನು ದೊಡ್ಡವ್ವ ಕೊಟ್ಟದ್ದು ಗಾಡಿಗೆ ದಿನಾ ಎಷ್ಟು ನೀರು ಹಾಕಿದೆ ಅಂತ ಬರೆದಿಡಲಿಕ್ಕೆ. ದೊಡ್ಡಪ್ಪ ಹಾಗೆ ಬರೆದಿಡುತ್ತಿದ್ದನಂತೆ. ಅವಳಿಗೆ ಓದಲು ಬರುವುದಿಲ್ಲ, ಹಾಗಾಗಿ ನಾನು ಏನು ಬರೆದರೂ ನಡೆಯುತ್ತದೆ. ಇವತ್ತು ಮೂರು ಬಾಟಲಿ.

ಪುಟದಲ್ಲಿ ಜಾಗ ಬಹಳ ಉಳಿಯಿತು. ದೊಡ್ಡವ್ವನ ಊರು ಕೋಗಿಲಬನದಲ್ಲಿ ನೆಟ್‌ವರ್ಕ್ ಬೇಲಿಯ ಹತ್ತಿರ ಮಾತ್ರ ಸಿಗುತ್ತದೆ. ಸಂಜೆ ಮಾಡಲಿಕ್ಕೆ ಬೇರೆ ಏನೂ ಇಲ್ಲ, ಬರೆಯುತ್ತೇನೆ.

ನಿನ್ನೆ ಮುಂಡಗೋಡ ಕಡೆಯ ನಮ್ಮೂರು ಇಂದೂರಿನಿಂದ ಬಂದೆ. ಅವ್ವ ಕಳಿಸಿದಳು. ಹತ್ತನೆಯ ತರಗತಿ ಮುಗಿದು ಆರು ವರ್ಷ ಆಯಿತು, ಐದು ಕೆಲಸ ಬಿಟ್ಟಿದ್ದೇನೆ. ಹುಬ್ಬಳ್ಳಿಯ ಬೇಕರಿ, ಹಳಿಯಾಳದ ಮೊಬೈಲ್ ಅಂಗಡಿ, ಕಾಳಿ ಹೊಳೆಯಲ್ಲಿ ಪ್ರವಾಸಿಗರ ರಾಫ್ಟ್ ಹೊರುವುದು, ಮುಂಡಗೋಡದಲ್ಲಿ ಬಾಡಿಗೆ ಗಾಡಿ ಓಡಿಸುವುದು, ಗೋವಾದ ಹೋಟೆಲ್. ಯಾರೂ ತೆಗೆದುಹಾಕಲಿಲ್ಲ, ನಾನೇ ಬಿಟ್ಟೆ. ಎರಡು ತಿಂಗಳಾಗುವಷ್ಟರಲ್ಲಿ ಒಂದೇ ಗೋಡೆ ನೋಡಿ ನೋಡಿ ತಲೆ ಕೆಡುತ್ತದೆ. ಕಾಲಿಗೆ ಗಾಲಿ ಕಟ್ಟಿಕೊಂಡು ಹುಟ್ಟಿದ್ದೇನೆ ಎಂದು ಅವ್ವ ಬೀಗರ ಮುಂದೆಲ್ಲ ಹೇಳುತ್ತಾಳೆ.

ದೊಡ್ಡವ್ವ ಎಂದರೆ ಅವ್ವನ ಅಕ್ಕ ಶಿವಗಂಗವ್ವ. ದೊಡ್ಡಪ್ಪ ಉಳವಪ್ಪ ಹೋದ ವರ್ಷ ಶ್ರಾವಣದಲ್ಲಿ ತೀರಿಕೊಂಡ. ಮಕ್ಕಳಿಲ್ಲ. ಇಪ್ಪತ್ತು ವರ್ಷ ದಾಟಿದ ಈ ಪಿಕಪ್ ಇದೆ. ಹಳಿಯಾಳ ಪೇಟೆಯಲ್ಲಿ ತರಕಾರಿ ತುಂಬಿ, ದಾಂಡೇಲಿ ದಾಟಿ, ಜೋಯಿಡಾ ಕಡೆಯ ಒಂದು ಹೆಣ್ಣುಮಕ್ಕಳ ವಸತಿ ಶಾಲೆಗೆ ಮುಟ್ಟಿಸಬೇಕು. ವಾರಕ್ಕೆ ನಾಲ್ಕು ದಿನ. ಅವಳ ಅನ್ನ ಅದರಿಂದಲೇ. ಇದ್ದ ಡ್ರೈವರ್ ದೀಪಾವಳಿಗೆ ಊರಿಗೆ ಹೋದವನು ಅಲ್ಲೇ ಉಳಿದ.

"ಒಂದ ತಿಂಗಳ ಅಷ್ಟ, ದೊಡ್ಡವ್ವ. ಡಿಸೆಂಬರ್ ಒಂದಕ್ಕ ಗೋವಾದಾಗ ಕೆಲಸ ಐತಿ. ಗೆಳ್ಯಾ ರುದ್ರೇಶ ಮಾತಾಡಿ ಇಟ್ಟಾನ," ಎಂದೆ.

"ತಿಂಗಳಂದ್ರ ಭಾಳ ಆತ ಬಿಡೋ ಬಾಳ್ಯಾ. ನಿಮ್ಮವ್ವ ಹದಿನೈದ ದಿನಾ ಇದ್ರ ಪುಣ್ಯಾ ಅಂದಿದ್ಲು," ಎಂದಳು.

ನವೆಂಬರ್ 5, ಬುಧವಾರ

ನಾಲ್ಕು ಬಾಟಲಿ.

ಕಾಗದ ಮಿಲ್ಲಿನ ಭೋಂಗಾ ಕೂಗುವ ಮೊದಲೇ ಎಬ್ಬಿಸುತ್ತಾಳೆ. ತಾನೂ ಬರುತ್ತಾಳೆ. ಹತ್ತೊಂಬತ್ತು ವರ್ಷ ದೊಡ್ಡಪ್ಪನ ಪಕ್ಕ ಕೂತ ಸೀಟು ಅದು, ಬೇರೆಯವರು ಕೂತರೆ ಕುಣಿಯಾಗಿ ತಗ್ಗಿದ ಜಾಗ ಚುಚ್ಚುತ್ತದೆ. ಕಾಲ ಸಂದಿಯಲ್ಲಿ ಎರಡು ಕ್ಯಾನ್ ಕಾಳಿ ಹೊಳೆಯ ನೀರು ಇಟ್ಟುಕೊಳ್ಳುತ್ತಾಳೆ.

ಜೋಯಿಡಾ ದಾರಿಯ ಏರಿನಲ್ಲಿ ಎರಡನೆಯ ತಿರುವಿಗೆ ಗಾಡಿಯ ಎಂಜಿನ್ ಕಾಯುತ್ತದೆ.

"ನಿಲ್ಲಸ," ಎಂದಳು.

"ಕಾವಿನ ಮುಳ್ಳ ಇನ್ನೂ ನಡಕ ಐತೆಲ್ಲ."

"ಮುಳ್ಳ ಸುಳ್ಳ ಹೇಳತೈತಿ. ನನಗ ವಾಸನಿ ಬಂತು. ನಿಲ್ಲಸಂದ್ರ ನಿಲ್ಲಸ, ಭಾಡ್ಯಾ."

ನಿಲ್ಲಿಸಿ ಬಾನೆಟ್ ಎತ್ತುವಷ್ಟರಲ್ಲಿ ಮುಳ್ಳು ಕೆಂಪಿಗೆ ಹತ್ತಿತ್ತು. ಅರ್ಧ ತಾಸು ಆರಿಸಿ, ನೀರು ಕುಡಿಸಿ ಹೊರಟೆವು. ಕಾಯುವಾಗ ಅವಳು ಮುಂದಿನ ಬಂಪರಿನ ಮೇಲೆ ಕೈ ಇಟ್ಟು, "ಆತ ಆತ, ಇನ್ನ ಸ್ವಲ್ಪ ಏರ ಅಷ್ಟ," ಎನ್ನುತ್ತಿದ್ದಳು. ನನಗಲ್ಲ, ಗಾಡಿಗೆ.

ಗೋವಾಕ್ಕೆ ಇಪ್ಪತ್ತಾರು ದಿನ.

ನವೆಂಬರ್ 12, ಬುಧವಾರ

ಆರು ಬಾಟಲಿ. ಮೂರು ಕಡೆ ನಿಲ್ಲಿಸಿದೆವು. ಹನ್ನೊಂದಕ್ಕೆ ಮುಟ್ಟಬೇಕಾದದ್ದು ಮುಟ್ಟಿದಾಗ ಒಂದು ಹೊಡೆದಿತ್ತು. ಅಡುಗೆಯವರು ಬರೀ ಸಾರು ಅನ್ನ ಮಾಡಿ ಬಡಿಸಿಬಿಟ್ಟಿದ್ದರು. ಹುಡುಗಿಯರು ತಟ್ಟೆ ಹಿಡಿದುಕೊಂಡು ನಮ್ಮ ಗಾಡಿಯಲ್ಲಿದ್ದ ಕೋಸುಗಡ್ಡೆಯ ಕಡೆಗೆ ನೋಡುತ್ತಿದ್ದರು. ಅದು ಸರಿ ಅನಿಸಲಿಲ್ಲ.

ವಾರ್ಡನ್ ಸುಮಿತಾ ಮೇಡಂ ಬೈಯಲಿಲ್ಲ. ಮೊದಲು ದೊಡ್ಡವ್ವನಿಗೆ ಕುರ್ಚಿ ಕೊಟ್ಟರು. ಆಮೇಲೆ, "ಅಮ್ಮಾ, ನಿಮ್ಮ ಮೇಲೆ ನನಗೆ ಪ್ರೀತಿ ಇದೆ. ಆದರೆ ಪ್ರೀತಿನ ಬೇಯಿಸಿ ನೂರಾಹತ್ತು ಮಕ್ಕಳಿಗೆ ಬಡಿಸೋಕಾಗಲ್ಲ. ಹೀಗೇ ಆದರೆ ಬೇರೆ ಗಾಡಿಯವರಿಗೆ ಬರೆದುಕೊಡಬೇಕಾಗುತ್ತೆ," ಎಂದರು.

ವಾಪಸ್ ಬರುವಾಗ ದೊಡ್ಡವ್ವ ದಾಂಡೇಲಿ ಬರುವ ತನಕ ಖಾಲಿ ಕ್ಯಾನ್ ತಬ್ಬಿಕೊಂಡು ಕೂತಿದ್ದಳು. ಕಟ್ಟಿಗೆ ಡಿಪೋ ದಾಟುವಾಗ, "ಕೆಲಸ ಹೋದ್ರ ಗಾಡಿ ಮಾರಬೇಕು. ಗಾಡಿ ಮಾರಿದ್ರ ನಾ ಎಲ್ಲಿ ಕುಂಡರ್ಲೆ?" ಎಂದಳು.

ಮನೆಯಲ್ಲಿ ಕೂರು ಅನ್ನಲು ಬಾಯಿ ತೆರೆದೆ. ಅವಳ ಸೀಟಿನ ತಗ್ಗು ನೋಡಿ ರಸ್ತೆಯ ಕಡೆ ತಿರುಗಿದೆ.

ನವೆಂಬರ್ 14, ಶುಕ್ರವಾರ

ನೀರು ಹಾಕುವುದೇ ತಪ್ಪು. ಈಗ ಯಾರು ನೀರು ಹಾಕುತ್ತಾರೆ? ಎಲ್ಲರೂ ರೇಡಿಯೇಟರಿಗೆ ಎಂಜಿನ್ ತಂಪು ಮಾಡುವ ಕೂಲಂಟ್ ಹಾಕುತ್ತಾರೆ. ಬೇಗ ಕುದಿಯುವುದಿಲ್ಲ, ತುಕ್ಕು ಹಿಡಿಸುವುದಿಲ್ಲ. ದಾಂಡೇಲಿಯಲ್ಲಿ ಸಚಿನನ ಬಿಡಿಭಾಗದ ಅಂಗಡಿಗೆ ಹೋದೆವು. ಅವನು ಎರಡು ಡಬ್ಬಿ ಮುಂದಿಟ್ಟ.

"ಹಸರ ಎರಡ ವರ್ಷ ಬರತೈತಿ. ಕೇಸರಿ ಐದ ವರ್ಷ ಮುಟ್ಟೂದ ಬ್ಯಾಡ."

"ಗಾಡಿ ಹಳೇದೈತಿ ಮತ್ತ."

"ಹಳೇದಕ್ಕ ಚೊಲೋದ ಹಾಕಬೇಕೋ ಮಾರಾಯಾ. ಮುದುಕರಿಗೆ ತುಪ್ಪಾ ಜಾಸ್ತಿ ಹಾಕಾಂಗಿಲ್ಲೇನ?"

ದೊಡ್ಡವ್ವ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ಎಂಜಿನ್ನಿಗೆ ಸರಬತ್ತ ಕುಡಸ್ತೀರೇನ? ನಿಮ್ಮ ದೊಡ್ಡಪ್ಪ ಹತ್ತೊಂಬತ್ತ ವರ್ಷ ಕಾಳಿ ನೀರ ಹಾಕಿದಾ. ಅಂವಗ ತಿಳೀತಿದ್ದಿಲ್ಲೇನ?"

ಅಂಗಡಿಯಲ್ಲೇ ಜಗಳ ಆಯಿತು. ಗೆದ್ದದ್ದು ನಾನು. ಐದು ವರ್ಷದ್ದೇ ಬೇಕು ಎಂದೆ, ಎರಡು ಡಬ್ಬಿ ತಂದೆ. ನಾನು ಹೋದಮೇಲೆ ಯಾವ ಡ್ರೈವರ್ ಬಂದರೂ, ಅವನು ಎಂಥವನಾದರೂ, ಇದನ್ನು ಯಾರೂ ನೋಡಿಕೊಳ್ಳಬೇಕಾಗಿಲ್ಲ. ಅವಳು ನಿಶ್ಚಿಂತೆಯಾಗಿ ಕೂರಬಹುದು.

ಮನೆಗೆ ಬಂದು ಕೆಳಗಿನ ತೂಬು ಬಿಚ್ಚಿ ಹಳೆಯ ನೀರು ಬಿಟ್ಟೆ. ಹಳದಿ ರಾಡಿ ಬಂತು. ತುಕ್ಕು ಇರಬೇಕು. ಒಂದು ಡಬ್ಬಿ ಕೇಸರಿ ಸುರಿದು, ಮೇಲೆ ಕಾಳಿ ನೀರನ್ನೇ ತುಂಬಿಸಿದೆ. ಅವಳಿಗೂ ಸಮಾಧಾನ ಆಗಲಿ ಅಂತ. ಇಪ್ಪತ್ತು ನಿಮಿಷದ ಕೆಲಸ.

ನವೆಂಬರ್ 17, ಸೋಮವಾರ

ಸೊನ್ನೆ ಬಾಟಲಿ! ಶನಿವಾರವೂ ಸೊನ್ನೆ. ಎಲ್ಲೂ ನಿಲ್ಲಿಸಲಿಲ್ಲ. ಹತ್ತೂಮುಕ್ಕಾಲಿಗೇ ಶಾಲೆಯ ಗೇಟು.

ದೊಡ್ಡವ್ವ ಇಳಿದವಳೇ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿದಳು, ಜ್ವರ ಬಂದ ಕೂಸಿನ ಹಣೆ ಮುಟ್ಟಿದ ಹಾಗೆ. "ಸರಬತ್ತ ಚೊಲೋ ಐತಿ," ಎಂದಳು. ಅವಳ ಬಾಯಿಯಿಂದ ಇಷ್ಟು ಬಂದರೆ ಸನ್ಮಾನ ಮಾಡಿ ಶಾಲು ಹೊದಿಸಿದ ಹಾಗೆ.

ಇಂದು ರಾತ್ರಿಗೆ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಕೇಳದೆಯೇ ಮಾಡಿದ್ದಳು.

ಗೋವಾಕ್ಕೆ ಹದಿನಾಲ್ಕು ದಿನ. ಹೊಸ ಡ್ರೈವರ್ ಹುಡುಕಬೇಕು.

ನವೆಂಬರ್ 20, ಗುರುವಾರ

ಅಮಾವಾಸ್ಯೆ. ಗಾಡಿ ಇಲ್ಲ. ನಾನು ಕಟ್ಟೆಯ ಮೇಲೆ ಕೂತು ಹಲ್ಲುಜ್ಜುವಾಗ ದೊಡ್ಡವ್ವ ಗಾಡಿ ತೊಳೆದು, ವಿಭೂತಿ ಹಚ್ಚಿ, ಗಾಲಿಗೆ ನಿಂಬೆಹಣ್ಣು ಇಟ್ಟಳು. ಬಾನೆಟ್ ಎತ್ತಿಸಿ, ರೇಡಿಯೇಟರಿನ ಮುಚ್ಚಳ ಬಿಚ್ಚಿಕೊಡು ಎಂದಳು. ಬಿಚ್ಚಿಕೊಟ್ಟೆ. ಬಟ್ಟಲಿನಿಂದ ಏನೋ ಹಾಕಿ ಕೈ ಮುಗಿದಳು. ಪೂಜೆಯಲ್ಲಿ ನಾನು ಏನೂ ಕೇಳುವುದಿಲ್ಲ. ಕೇಳಿದರೆ ಮುಗಿಯುವುದಿಲ್ಲ.

ಹೋಳಿಗೆ ಮೂರು ತಿಂದೆ.

ನವೆಂಬರ್ 22, ಶನಿವಾರ

ಆಯಿತು. ಎಲ್ಲ ಆಯಿತು.

ಮೊದಲ ತಿರುವು ದಾಟಿದ್ದೆವು. "ನಿಲ್ಲಸ!" ಎಂದಳು. ಐದು ವರ್ಷದ ಕೂಲಂಟ್ ಹಾಕಿದ ಜಂಬ ನನಗೆ. "ಏನೂ ಆಗಂಗಿಲ್ಲ, ಕುಂಡರ," ಎಂದು ಗೇರ್ ಬದಲಿಸಿದೆ. ಆಗ ಮುಂದಿನಿಂದ ಬುಸ್ ಎಂದು ಹೊಗೆ ಎದ್ದು ರಸ್ತೆ ಕಾಣದಂತಾಯಿತು. ಕೆಳಗಿನ ಪೈಪ್ ಹರಿದು ಕೇಸರಿ ನೀರು ರಸ್ತೆ ತುಂಬಾ. ನಾನು ಬುದ್ಧಿಗೆಟ್ಟು ಮುಚ್ಚಳಕ್ಕೆ ಕೈ ಹಾಕಲು ಹೋದೆ. ಅವಳು ನನ್ನ ಅಂಗಿ ಹಿಡಿದು ಜಗ್ಗಿದಳು, ಗುಂಡಿ ಕಿತ್ತು ಬಂತು.

"ಮಾರಿ ಸುಟ್ಟಕೊಂಡ್ರ ನಿಮ್ಮವ್ವಗ ಏನ ಹೇಳ್ಲೆ ನಾ?"

ಸುತ್ತ ಕಾಡು. ಮೇಲೆ ಮಂಗಟ್ಟೆ ಹಕ್ಕಿಯೊಂದು ಹಾರಿ ಹೋಯಿತು, ರೆಕ್ಕೆ ಬಡಿದ ಸದ್ದು ಕೂಡ ಕೇಳುವಷ್ಟು ನಿಶ್ಶಬ್ದ. ಹಿಂದೆ ಎಂಟು ಬುಟ್ಟಿ ತರಕಾರಿ. ಒಂಬತ್ತೂಮುಕ್ಕಾಲು ಗಂಟೆ.

ನಾನು ಕಲ್ಲಿನ ಮೇಲೆ ಕೂತೆ. ಅವಳು ಕೂರಲಿಲ್ಲ. ಜೋಯಿಡಾ ಬಸ್ ಬರುವ ಸದ್ದು ಕೇಳಿದ್ದೇ ಸೆರಗು ಸಿಕ್ಕಿಸಿ ನಡುರಸ್ತೆಯಲ್ಲಿ ನಿಂತಳು.

"ಯವ್ವಾ, ಸಾಯಬೇಕಂತ ಮಾಡಿಯೇನ?" ಡ್ರೈವರ್ ತಲೆ ಹೊರಗೆ ಹಾಕಿ ಕೂಗಿದ.

"ಸಾಯಾಕ ಪುರಸೊತ್ತಿಲ್ಲೋ ಯಪ್ಪಾ. ಎಂಟ ಬುಟ್ಟಿ ಅದಾವು, ಏರಸ್ರಿ."

ಕಂಡಕ್ಟರ್ ಇಳಿದು ಬಂದ. "ಇದೇನ ಲಗೇಜ್ ಗಾಡಿ ಅಲ್ಲ ಬೇ. ಜಾಗಾ ಎಲ್ಲೈತಿ?"

"ಜಾಗಾ ನಾ ಮಾಡತೇನಿ. ನೂರಾಹತ್ತ ಹುಡುಗ್ಯಾರ ಉಪಾಸ ಕುಂತಾರ. ನಿನ್ನ ಮಗಳ ಇದ್ರ ಹಿಂಗ ಅಂತಿದ್ದಿಯೇನ?"

"ನನಗ ಇಬ್ಬರೂ ಗಂಡಮಕ್ಕಳ."

"ಅದಕ್ಕ ನಿನಗ ಬುದ್ಧಿ ಬಂದಿಲ್ಲ. ಹಿಡಿ ಆ ಕಡೆ."

ಬಸ್ಸಿನವರೆಲ್ಲ ನಕ್ಕರು. ನಗುವ ಜನ ಬುಟ್ಟಿ ಹಿಡಿಯುತ್ತಾರೆ ಎಂದು ಅವಳಿಗೆ ಗೊತ್ತು. ಟೊಮೇಟೊ ಒಬ್ಬ ಮಾಸ್ತರರ ತೊಡೆಯ ಮೇಲೆ, ಮೆಂತ್ಯ ಯಾರದೋ ಕಂಕುಳಲ್ಲಿ. ಬಸ್ ಹೋಯಿತು, ಅವಳೂ ಹೋದಳು. ನಾನು ಗಾಡಿ ಕಾಯುತ್ತ ಉಳಿದೆ.

ಮಧ್ಯಾಹ್ನ ವಾಪಸ್ ಬಸ್ಸಿನಲ್ಲಿ ಬಂದಳು. ಊಟ ಸರಿಯಾದ ಹೊತ್ತಿಗೆ ಆಯಿತಂತೆ. ಸುಮಿತಾ ಮೇಡಂ ಒಂದು ವಾರ ಕೊಟ್ಟಿದ್ದಾರೆ. ಅಲ್ಲಿಯವರೆಗೆ ಬೇರೆ ಗಾಡಿ ಹೇಳಿಕೊಳ್ಳುತ್ತಾರೆ. ಡಿಸೆಂಬರ್ ಒಂದು, ಸೋಮವಾರ, ಹನ್ನೊಂದಕ್ಕೆ ನಮ್ಮ ಗಾಡಿ ಗೇಟಿನಲ್ಲಿ ನಿಲ್ಲಬೇಕು. ನಿಲ್ಲದಿದ್ದರೆ ಆ ಬೇರೆ ಗಾಡಿಯೇ ಕಾಯಂ.

ದೊಡ್ಡವ್ವ ಬೈಯುವ ಬದಲು ನನ್ನ ಅಂಗಿಗೆ ಗುಂಡಿ ಹಚ್ಚಿಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ನವೆಂಬರ್ 23, ಭಾನುವಾರ

ಇನ್ನೊಂದು ಪಿಕಪ್ಪಿಗೆ ಹಗ್ಗ ಕಟ್ಟಿ ಹಳಿಯಾಳಕ್ಕೆ ಎಳೆದುಕೊಂಡು ಬಂದೆ. ನಾಗಲಿಂಗಪ್ಪಣ್ಣನ ಗ್ಯಾರೇಜು. ದೊಡ್ಡಪ್ಪನ ಗೆಳೆಯ, ಅರವತ್ತು ದಾಟಿದೆ, ಕನ್ನಡಕಕ್ಕೆ ಒಂದು ಕಡೆ ತಂತಿ ಕಟ್ಟಿಕೊಂಡಿದ್ದಾನೆ. ರೇಡಿಯೇಟರ್ ಬಿಚ್ಚಿ ಬಕೆಟ್ಟಿಗೆ ಬಗ್ಗಿಸಿದ. ನೀರು ಬರಲಿಲ್ಲ. ದಪ್ಪನೆಯ ಹಳದಿ ಮುದ್ದೆ ಲೊಳಕ್ ಎಂದು ಬಿತ್ತು.

"ಇದೇನ ರೇಡಿಯೇಟರೋ, ಕಡ್ಲಿಹಿಟ್ಟಿನ ಜುಣಕದ ಪಾತ್ರಿಯೋ?" ಎಂದ. ಬೆರಳಿಗೆ ಹಚ್ಚಿಕೊಂಡು ಮೂಸಿದ. "ಅರಿಶಿಣ!"

ಆಮೇಲೆ ಹೇಳಿದ. ರೇಡಿಯೇಟರ್ ಸಣ್ಣಗೆ ಸೋರಿದರೆ ದಾರಿಯ ಮೇಲೆ ಹಳೆಯ ಡ್ರೈವರುಗಳು ಒಂದು ಚಮಚ ಅರಿಶಿನ ಪುಡಿ ಹಾಕುತ್ತಾರೆ, ಅದು ತೂತಿಗೆ ಹೋಗಿ ಕೂತು ಮುಚ್ಚುತ್ತದೆ. "ಉಳವಪ್ಪಣ್ಣ ನನ್ನ ಮುಂದನ ಹಾಕಿದ್ದ, ಒಮ್ಮೆ. ಅದು ಊರ ಮುಟ್ಟಾಕ ಮಾಡೂ ಯುಕ್ತಿ. ಇದು ಒಂದ ಚಮಚ ಅಲ್ಲೋ ತಮ್ಮಾ. ಒಂದ ಮದವಿಗೆ ಆಗೂವಷ್ಟೈತಿ. ಯಾರ ಹಾಕ್ಯಾರ?"

ನನಗೆ ದೊಡ್ಡವ್ವನ ಪೂಜೆಯ ಬಟ್ಟಲು ಕಣ್ಣ ಮುಂದೆ ಬಂತು. ದೊಡ್ಡಪ್ಪ ಹೋದಮೇಲೆ ಹದಿನಾರು ಅಮಾವಾಸ್ಯೆ ಆಗಿವೆ.

"ಹಿಂದಿನ ಡ್ರೈವರ ಇರಬೇಕ್ರಿ," ಎಂದೆ.

ನಾಗಲಿಂಗಪ್ಪಣ್ಣ ಕನ್ನಡಕದ ಮೇಲಿಂದ ನೋಡಿದ. ಹೆಚ್ಚು ಕೇಳಲಿಲ್ಲ. ನನ್ನ ಸರದಿ ಬಂತು.

"ಕೇಸರಿ ಯಾರ ಹಾಕಿದ್ರು? ಅದು ಹಿಂದಿನ ಡ್ರೈವರನ ಏನ?"

"ನಾನ್ರಿ."

"ಅದು ಕೆಟ್ಟದ್ದಲ್ಲ. ಹೊಸಾ ಗಾಡಿದು. ಅವಕ್ಕ ಅಲ್ಯುಮಿನಿಯಂ ರೇಡಿಯೇಟರ್. ಇದು ತಾಮ್ರ, ಹಿತ್ತಾಳಿ, ಸೀಸದ ಬೆಸುಗಿ. ಇಂಥಾ ಬೆಸುಗಿಗೆ ಅದು ಒಗ್ಗೂದಿಲ್ಲ. ಒಳಗ ಯಾರೋ ಮೊದಲ ಹಸರೂ ಹಾಕ್ಯಾರ. ಹಸರು, ಕೇಸರಿ, ಅರಿಶಿಣ, ಎಲ್ಲಾ ಕೂಡಿ ಗಂಜಿ ಆಗೇತಿ."

"ಹಂಗಾರ ಹಸರ ಹಾಕಿದ್ರ ಆತೇನ್ರಿ?"

"ಬಣ್ಣಾ ನಂಬಬ್ಯಾಡ. ಕಂಪನಿಯವ್ರು ಹೋಳಿ ಆಡಿದಂಗ ಬಣ್ಣಾ ಹಾಕತಾರ. ಡಬ್ಬಿ ಬೆನ್ನ ಓದಬೇಕು. ಹಳೇ ಪದ್ಧತಿದು, ತಾಮ್ರ ಹಿತ್ತಾಳಿಗೆ ನಡಿಯೂದು, ಅದು ತಾ. ಅದಕೂ ಮೊದಲ ಇದನ್ನೆಲ್ಲ ತೊಳಿಬೇಕು. ನನಗ ಪುರಸೊತ್ತಿಲ್ಲ, ನೀನ ತೊಳಿ. ಇನ್ನೊಮ್ಮೆ ಹಿಂಗ ಕಾಯ್ತು ಅಂದ್ರ ಎಂಜಿನ್ ಹೆಡ್ ಹೋಗತೈತಿ. ಆಮ್ಯಾಲೆ ಇದು ಗುಜರಿಗೆ."

ಮನೆಗೆ ಬಂದಾಗ ದೊಡ್ಡವ್ವ ಕೇಳಿದಳು, ಏನಾಗಿತ್ತು ಅಂತ. ತುಕ್ಕು ಎಂದೆ.

ನವೆಂಬರ್ 25, ಮಂಗಳವಾರ

ರೇಡಿಯೇಟರನ್ನು ಬೆಸುಗೆಯವನಿಗೆ ಕೊಟ್ಟೆ. ಅರಿಶಿನ ತೆಗೆದಮೇಲೆ ದೊಡ್ಡಪ್ಪ ಮುಚ್ಚಿದ್ದ ತೂತು ಕಂಡಿತು. ಸೂಜಿಮೊನೆಯಷ್ಟು.

ಎಂಜಿನ್ನಿನ ಒಳಗೆ ಪೈಪ್ ಹಿಡಿದು ನೀರು ಬಿಡುವುದು, ತುಂಬಿಸುವುದು, ಕಾಯುವುದು, ಬಿಡುವುದು. ಮತ್ತೆ ತುಂಬಿಸುವುದು. ಒಂಬತ್ತು ಸಲ ಆಯಿತು, ಇನ್ನೂ ಹಳದಿ. ಮೊದಮೊದಲು ಸಿಟ್ಟು ಬಂತು. ನಾಲ್ಕನೆಯ ಸಲದ ನಂತರ ಬರಲಿಲ್ಲ. ನೀರಿನ ಬಣ್ಣ ಒಂದೊಂದು ಸಲಕ್ಕೆ ಎಷ್ಟು ತಿಳಿಯಾಗುತ್ತದೆ ಎಂದು ನೋಡುವುದರಲ್ಲಿ ಹೊತ್ತು ಹೋದದ್ದು ತಿಳಿಯಲಿಲ್ಲ.

ರುದ್ರೇಶ ಫೋನ್ ಮಾಡಿದ್ದ. ಕೈ ಒದ್ದೆ ಇತ್ತು.

ನವೆಂಬರ್ 26, ಬುಧವಾರ

ದೊಡ್ಡವ್ವ ರೊಟ್ಟಿ ಗಂಟು ಕಟ್ಟಿಕೊಂಡು ಬಸ್ಸಿನಲ್ಲಿ ಗ್ಯಾರೇಜಿಗೇ ಬಂದುಬಿಟ್ಟಳು. ಬರಬೇಡ ಎಂದಿದ್ದೆ. ಗ್ಯಾರೇಜಿನ ಗಟಾರಿನಲ್ಲಿ ಹಳದಿ ನೀರು ಹರಿಯುತ್ತಿತ್ತು. ಗಂಟು ಕೆಳಗಿಡದೆ ನಿಂತು ನೋಡಿದಳು. ಬಗ್ಗಿ ಬೆರಳು ಅದ್ದಿ, ಹೆಬ್ಬೆರಳಿಗೆ ತಿಕ್ಕಿದಳು.

"ಇದು ಅರಿಶಿಣ."

"ತುಕ್ಕ, ದೊಡ್ಡವ್ವ."

"ಬಾಳ್ಯಾ, ನಲವತ್ತ ವರ್ಷ ಒಲಿ ಮುಂದ ಕುಂತೀನಿ. ನನಗ ತುಕ್ಕ ಕಲಸಬ್ಯಾಡ."

ನಾನು ಪೈಪ್ ಬಂದ್ ಮಾಡಿದೆ. ನಾಗಲಿಂಗಪ್ಪಣ್ಣ ಏನೋ ತರುವ ನೆಪ ಮಾಡಿ ಒಳಗೆ ಹೋದ.

"ನಿಮ್ಮ ದೊಡ್ಡಪ್ಪ ಹಾಕಿದ್ದ ನೋಡಿದ್ದೆ," ಎಂದಳು. "ದಾರಿ ಮ್ಯಾಲೆ ಗಾಡಿ ನಿಂತಿತ್ತು. ನನ್ನ ಕಡಿಂದನ ಇಸಗೊಂಡ, ಪ್ಯಾಟಿ ಚೀಲದಾಗ ಇತ್ತು. ಹಾಕಿ ಕೈ ಮುಗದಾ. ಗಾಡಿ ಚಾಲೂ ಆತು. ಅವತ್ತ ಅಮಾಸಿ. ದೇವರದ ಏನೋ ಇರಬೇಕಂದ್ಕೊಂಡೆ. ಅಂವ ಇದ್ದಾಗ ಅಂವ ನೋಡಕೋತಿದ್ದ. ಅಂವ ಹೋದ ಮ್ಯಾಲೆ ನಾ ಬಿಡಬಾರದಂತ..."

ಹಳದಿಯಾದ ಬೆರಳನ್ನು ಸೆರಗಿಗೆ ಒರೆಸಿದಳು. ಆಮೇಲೆ, "ಅಂದ್ರ ಅದರ ಉಸರ ಕಟ್ಟಸಿದಾಕಿ ನಾನ," ಎಂದಳು.

"ನಾನೂ ಒಂದ ಡಬ್ಬಿ ಸರಬತ್ತ ಸುರದೀನಿ. ಪೈಪ ಹರದದ್ದ ನನ್ನ ಕಾಲಕ್ಕ. ನೀ ನಿಲ್ಲಸಂದಾಗ ನಿಲ್ಲಸಲಿಲ್ಲ," ಎಂದೆ. "ಇಬ್ಬರೂ ಕೂಡೇ ಕೆಡಸೀವಿ."

ಅವಳು ಗಂಟು ಕೆಳಗಿಟ್ಟಳು. "ಎಷ್ಟ ಸಲ ತೊಳದಿ?"

"ಹದಿಮೂರ."

"ಬರೇ ನೀರ ಬಿಟ್ಕೋತ ನಿಂತ್ರ ಹೋಗತೈತೇನೋ? ಅರಿಶಿಣದ ಕಲಿ ತಣ್ಣೀರಿಗೆ ಬಿಡಾಂಗಿಲ್ಲ. ಬಿಸಿನೀರ ಕಾಸಸ. ತಾ ಇಲ್ಲೆ ಪೈಪಾ."

ಸೆರಗು ಸಿಕ್ಕಿಸಿ ಪೈಪ್ ಹಿಡಿದಳು. ನಾಗಲಿಂಗಪ್ಪಣ್ಣನ ಮನೆಯ ಹಂಡೆಯಲ್ಲಿ ನೀರು ಕಾಯಿಸಿ, ಸ್ವಲ್ಪ ಆರಿಸಿ, ನಾನು ಹೊತ್ತು ತರುವುದು, ಅವಳು ಹಾಕುವುದು. ಹದಿನೇಳನೆಯ ಸಲಕ್ಕೆ ತಿಳಿನೀರು ಬಂತು. ಬಟ್ಟಲಿನಲ್ಲಿ ಹಿಡಿದು ನಾಗಲಿಂಗಪ್ಪಣ್ಣನಿಗೆ ತೋರಿಸಿದಳು.

"ವೈನಿ, ನಿಮ್ಮನ್ನ ಮೊದಲ ಕರಸಬೇಕಿತ್ತು. ಇಂವ ಎರಡ ದಿವಸಾತು, ಗಾಡಿಗೆ ಜಳಕಾ ಮಾಡಸ್ಕೋತ ನಿಂತಾನ," ಎಂದ.

"ಮಾಡಸ್ತಾನ ಬಿಡ್ರಿ. ಓಡಿ ಹೋಗಿಲ್ಲಲ್ಲ," ಎಂದಳು.

ರೊಟ್ಟಿ ಮೂವರೂ ತಿಂದೆವು. ಕೈ ತೊಳೆದರೂ ಎಲ್ಲರ ಉಗುರೂ ಹಳದಿ.

ನವೆಂಬರ್ 28, ಶುಕ್ರವಾರ

ಸಚಿನನ ಅಂಗಡಿ. ಒಡೆಯದ ಕೇಸರಿ ಡಬ್ಬಿ ವಾಪಸ್ ತೆಗೆದುಕೊಂಡ. ಬೇರೆ ಬೇರೆ ಮೂರು ಡಬ್ಬಿ ತೆಗೆಸಿ ಬೆನ್ನು ಓದಲು ಕೂತೆ. ಅಕ್ಷರ ಇರುವೆಯಷ್ಟು, ಎಲ್ಲ ಇಂಗ್ಲಿಷು. ಹತ್ತನೆಯ ತರಗತಿಯಲ್ಲಿ ಇಂಗ್ಲಿಷಿಗೆ ನನಗೆ ಮೂವತ್ತೈದು ಕೊಟ್ಟವರಿಗೆ ಪುಣ್ಯ ಬರಲಿ. ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಎರಡರ ಮೇಲೆ ತಾಮ್ರದ ಮಾತಿತ್ತು, ಉಳಿದದ್ದು ತಿಳಿಯಲಿಲ್ಲ. ಫೋಟೊ ತೆಗೆದು ಸುಮಿತಾ ಮೇಡಂಗೆ ಕಳಿಸಿದೆ. ಅವರು ವಿಜ್ಞಾನ ಕಲಿಸುತ್ತಾರೆ.

ಅವರೇ ಫೋನ್ ಮಾಡಿದರು. "ಎರಡನೇ ಡಬ್ಬಿ ತಗೊಳ್ಳಿ. ಸಿಲಿಕೇಟ್ ಇರೋದು ಅಂತ ಬರೆದಿದೆ, ತಾಮ್ರ, ಹಿತ್ತಾಳೆ, ಬೆಸುಗೆ ಮೂರಕ್ಕೂ ಆಗುತ್ತೆ ಅಂತಲೂ ಇದೆ. ಆದರೆ ಇದು ಗಟ್ಟಿ. ಅರ್ಧಕ್ಕರ್ಧ ಡಿಸ್ಟಿಲ್ಡ್ ನೀರು ಸೇರಿಸಬೇಕು. ಹೊಳೆ ನೀರು ಹಾಕಬೇಡಿ, ಅಮ್ಮ ಹೇಳಿದರೂ ಹಾಕಬೇಡಿ." ಆಮೇಲೆ, "ಸೋಮವಾರ ಬರ್ತೀರಲ್ಲಾ?" ಎಂದು ಕೇಳಿದರು. ಕೇಳುವ ದನಿಯಲ್ಲಿ ಹೆದರಿಸುವುದೇನೂ ಇರಲಿಲ್ಲ.

ಸಚಿನ ಎಚ್ಚರಿಸಿದ, "ಇದನ್ನ ಎರಡ ವರ್ಷಕ್ಕೊಮ್ಮೆ ತಗದ ಹೊಸಾದ ಹಾಕಬೇಕಾಗತೈತಿ ನೋಡ. ಮರತ್ರ ಮತ್ತ ತುಕ್ಕ."

"ಹಾಕಿದ್ರಾತು," ಎಂದೆ.

ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನ ಕ್ಯಾನುಗಳನ್ನು ನೋಡಿ ದೊಡ್ಡವ್ವ ಬೀದಿಗೆಲ್ಲ ಕೇಳುವಂತೆ ನಕ್ಕಳು. "ಹೊಳಿ ದಂಡಿಮ್ಯಾಲೆ ಮನಿ ಐತಿ, ನೀರ ಕೊಂಡ ತಂದಾನ ನೋಡ್ರಿ! ನಾಳೆ ಗಾಳಿನೂ ಚೀಲದಾಗ ತರತಾನ."

ನವೆಂಬರ್ 30, ಭಾನುವಾರ

ರೇಡಿಯೇಟರ್ ಕೂರಿಸಿದೆವು. ಹೊಸ ಪೈಪು. ಕೂಲಂಟನ್ನೂ ನೀರನ್ನೂ ಬಕೆಟ್ಟಿನಲ್ಲಿ ಸಮ ಅಳೆದು ಕಲಸಿ, ಸಣ್ಣಗೆ ಸ್ವಲ್ಪ ಸ್ವಲ್ಪ ಹಾಕಿದೆ. ಒಳಗೆ ಗಾಳಿ ಉಳಿದರೆ ಮತ್ತೆ ಕಾಯುತ್ತದೆ, ಅದಕ್ಕೆ ಮುಚ್ಚಳ ತೆಗೆದಿಟ್ಟು ಎಂಜಿನ್ ಸುಮ್ಮನೆ ಓಡಿಸಬೇಕು. ಗುಳ್ಳೆ ಬರುತ್ತದೆ, ಮಟ್ಟ ಇಳಿಯುತ್ತದೆ, ಇನ್ನಷ್ಟು ಹಾಕಬೇಕು. ಒಂದೂವರೆ ತಾಸು ಆ ಬಾಯಿಯೊಳಗೆ ನೋಡುತ್ತ ನಿಂತಿದ್ದೆ. ಕೊನೆಯ ಗುಳ್ಳೆ ಒಡೆದು ಹಸಿರು ನೀರು ಅಲುಗಾಡದೆ ನಿಂತಾಗ ನಾಗಲಿಂಗಪ್ಪಣ್ಣ ಮುಚ್ಚಳ ಕೊಟ್ಟ. "ಉಳವಪ್ಪಣ್ಣನೂ ಹಿಂಗ ಬಗ್ಗಿ ನಿಲ್ಲತಿದ್ದ," ಎಂದ. ಬೆನ್ನು ಹಿಡಿದುಕೊಂಡಿತ್ತು, ನೆಟ್ಟಗಾಗಲು ಆಗಲಿಲ್ಲ.

ರುದ್ರೇಶನ ಮೆಸೇಜು: ಆರು ಸಲ ಫೋನ್ ಮಾಡಿದೆ, ಎತ್ತಲಿಲ್ಲ, ಬೇರೆಯವನನ್ನು ಇಟ್ಟುಕೊಂಡರು. ಸರಿ ಎಂದು ಕಳಿಸಿದೆ. ಹೆಡ್‌ಲೈಟ್ ಒಂದು ಮಂಕಾಗಿದೆ, ನೋಡಬೇಕು.

ಡಿಸೆಂಬರ್ 1, ಸೋಮವಾರ

ಮೊದಲ ತಿರುವು. ಎರಡನೆಯದು. ಮುಳ್ಳು ನಡುವೆ. ನಾನು ದೊಡ್ಡವ್ವನ ಮೂಗು ನೋಡುತ್ತಿದ್ದೆ, ಅವಳು ರಸ್ತೆ ನೋಡುತ್ತಿದ್ದಳು.

"ವಾಸನಿ ಬಂತೇನ?"

"ಮೆಂತೆಪಲ್ಲೆದ ವಾಸನಿ ಅಷ್ಟ. ನೀ ಮುಂದ ನೋಡಿ ಹೊಡಿ."

ಪೈಪ್ ಹರಿದಿದ್ದ ಜಾಗ ದಾಟಿತು. ಅಲ್ಲಿ ನಾನೇ ನಿಲ್ಲಿಸಿದೆ. ಅವಳು ಗಾಬರಿಯಾದಳು. ಏನೂ ಆಗಿಲ್ಲ, ಸುಮ್ಮನೆ ನೋಡಬೇಕೆನಿಸಿತು ಎಂದು ಇಳಿದು ಕೆಳಗೆ ಬಗ್ಗಿ ನೋಡಿದೆ. ಒಂದು ಹನಿಯೂ ಇಲ್ಲ. ಐದು ನಿಮಿಷ ಆರಲು ಬಿಟ್ಟು ಹೊರಟೆ. ಹಿಂದೆ ಬಂದ ಬಸ್ಸಿನ ಕಂಡಕ್ಟರ್ ತಲೆ ಹೊರಗೆ ಹಾಕಿ, "ಯವ್ವಾ, ಬುಟ್ಟಿ ಏರಸ್ಲೇನ?" ಎಂದು ಕೂಗಿದ. "ಬೇಕಾದ್ರ ನಿನ್ನ ಬಸ್ಸ ಎಳಕೊಂಡ ಹೋಗತೇನಿ ಬಾ," ಎಂದಳು.

ಹತ್ತು ಐವತ್ತಕ್ಕೆ ಗೇಟು. ಸುಮಿತಾ ಮೇಡಂ ಹೊರಗೇ ನಿಂತಿದ್ದರು. ಗಡಿಯಾರ ನೋಡಲಿಲ್ಲ. ಬಾನೆಟ್ ತೆಗೆಸಿ, ರೇಡಿಯೇಟರಿನ ಪಕ್ಕದ ಬಿಳಿ ಡಬ್ಬಿಯಲ್ಲಿ ಕಾಣುವ ಹಸಿರು ಮಟ್ಟವನ್ನು ಹುಡುಗಿಯರಿಗೆ ತೋರಿಸಿ ಪಾಠವನ್ನೇ ಮಾಡಿಬಿಟ್ಟರು. ಒಬ್ಬಳು ಇದು ಕುಡಿಯಬಹುದಾ ಎಂದು ಕೇಳಿದಳು. ದೊಡ್ಡವ್ವ ಅಡ್ಡ ಬಂದು, "ಇದು ವಿಷ ಅಂತವ್ವಾ, ಗಾಡಿ ಮಾತ್ರ ಕುಡಿಯೂದು. ನಿಮಗ ಗಜ್ಜರಿ ತಂದೀನಿ," ಎಂದಳು.

ಶಾಲೆಯ ಒಪ್ಪಂದ ಈ ವರ್ಷದ ಪರೀಕ್ಷೆಯ ತನಕ ನಮಗೇ, ಮುಂದಿನ ವರ್ಷವೂ.

ಡಿಸೆಂಬರ್ 2, ಮಂಗಳವಾರ

ಇವತ್ತು ಗಾಡಿ ಇಲ್ಲ. ಹೆಡ್‌ಲೈಟ್ ಸರಿ ಮಾಡಿದೆ. ಬಾಗಿಲ ಹಿಡಿಕೆ ಸಡಿಲಿತ್ತು, ಬಿಗಿ ಮಾಡಿದೆ. ಬಿಳಿ ಬಣ್ಣದ ಸಣ್ಣ ಡಬ್ಬಿ ತಂದು ಬಾನೆಟ್ಟಿನ ಒಳಮೈಗೆ ಬರೆದೆ, ಮರೆಯಬಾರದು ಅಂತ. ದೊಡ್ಡವ್ವ ಅಕ್ಕಿ ಆರಿಸುತ್ತ ಕೂತಿದ್ದಳು.

"ಏನ ಬರದಿ?"

"ಕೂಲಂಟ ಹಾಕಿದ ತಾರೀಖ. ಮುಂದಿಂದು ಎರಡ ಸಾವಿರದ ಇಪ್ಪತ್ತೇಳು, ನವೆಂಬರ ಮೂವತ್ತು. ಅವತ್ತ ಎಲ್ಲಾ ತಗದು, ತೊಳದು, ಹೊಸಾದ ಹಾಕಬೇಕು."

"ಯಾರ ಹಾಕತಾರ?"

"ಯಾರಂದ್ರ? ನಾನ. ಮತ್ತ ನಿನ್ನ ಕೈಯಾಗ ಮುಚ್ಚಳಾ ಕೊಡತೇನಂತ ತಿಳದಿಯೇನ?"

ಮೊರ ಕೆಳಗಿಟ್ಟು ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖ ತೊಳೆದುಕೊಂಡಿದ್ದಳು. ಮೊರ ತೊಡೆಯ ಮೇಲೆ ಇಟ್ಟುಕೊಂಡು, ಅಕ್ಕಿಯನ್ನೇ ನೋಡುತ್ತ ಕೇಳಿದಳು, "ನೀ ಮಲಗೂ ಮಂಚ ನಿನಗ ಗಿಡ್ಡ ಆಗತೈತೆಲ್ಲೋ?"

ಆಗುತ್ತದೆ ನಿಜ. ಕಾಲುಗಳು ಹೊರಗೆ ಬರುತ್ತವೆ. ಬಡಿಗೇರನಿಗೆ ಹೇಳಿ ಹೊಸದು ಮಾಡಿಸುತ್ತಾಳಂತೆ, ಸಾಗವಾನಿಯದು. ನಾನು ಕೂಲಂಟಿನ ಮಾತಾಡುತ್ತಿದ್ದರೆ ಇವಳು ಮಂಚದ ಮಾತು ಎಲ್ಲಿಂದ ತೆಗೆದಳೋ. ವಯಸ್ಸಾಯಿತು, ಒಂದು ಕೇಳಿದರೆ ಇನ್ನೊಂದು ಹೇಳುತ್ತಾಳೆ.

ಆರೂವರೆ ಅಡಿ ಇರಲಿ ಎಂದೆ. ಮಾಡಿಸುವುದಾದರೆ ಸರಿಯಾಗಿ ಮಾಡಿಸಲಿ.